ಹಲವು ಚಾವಡಿ, ಒಂದೇ ಪ್ರಸಂಗ: ಫೆಡಿವರ್ಸ್ ಕೆಲಸ ಮಾಡುವ ಬಗೆ

ನಮ್ಮ ಯಕ್ಷಗಾನ ಸಂಘದ ಸಾಮಾಜಿಕ ಜಾಲತಾಣದ ಪುಟ ಹೋದದ್ದು ಆಟಿ ತಿಂಗಳಿನ ಒಂದು ರಾತ್ರಿ. ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ಅದು: ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದಕ್ಕೆ ಅರ್ಥ, ಅಂದರೆ ಮಾತು, ಹೇಳುತ್ತಾರೆ. ಹೊರಗೆ ಜಡಿಮಳೆ. ಕರ್ಣ ಮತ್ತು ಶಲ್ಯರ ಮಾತು ರಂಗೇರಿತ್ತು. ನಾನು ಮೊಬೈಲನ್ನು ಕಂಬಕ್ಕೆ ಕಟ್ಟಿ ಲೈವ್ ಬಿಟ್ಟಿದ್ದೆ. ಮುಂಬಯಿಯಲ್ಲಿ, ದುಬಾಯಿಯಲ್ಲಿ ಇರುವ ನಮ್ಮ ಊರಿನವರು ನೋಡುತ್ತಾ ಕೂತಿದ್ದರು. ಭಾಗವತರು ಇನ್ನೊಂದು ಪದ್ಯ ಎತ್ತಿಕೊಂಡರು. ಅಷ್ಟರಲ್ಲಿ ಲೈವ್ ನಿಂತಿತು.

ಪದ್ಯ ಯಾವುದೋ ಕಂಪೆನಿಯ ಧ್ವನಿಮುದ್ರಣಕ್ಕೆ ಹೋಲುತ್ತದಂತೆ. ಯಂತ್ರ ಹಾಗೆ ತೀರ್ಮಾನ ಮಾಡಿತ್ತು. ಯಕ್ಷಗಾನದ ಪದ್ಯವನ್ನು ಹತ್ತಾರು ಭಾಗವತರು ಅದೇ ರಾಗದಲ್ಲಿ, ಅದೇ ತಾಳದಲ್ಲಿ ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ. ಅದನ್ನು ಯಂತ್ರಕ್ಕೆ ಹೇಳುವವರು ಯಾರು? ಅದು ನಮಗೆ ಬಂದ ಮೂರನೆಯ ಎಚ್ಚರಿಕೆಯಾಗಿತ್ತು. ಬೆಳಗ್ಗೆ ನೋಡಿದರೆ ಪುಟವೇ ಇಲ್ಲ. ಒಂಬತ್ತು ವರ್ಷದ ಫೋಟೋ, ರೆಕಾರ್ಡಿಂಗ್, ಈಗ ನಮ್ಮೊಡನೆ ಇಲ್ಲದ ಇಬ್ಬರು ಹಿರಿಯ ಅರ್ಥಧಾರಿಗಳ ಮಾತು, ಎಲ್ಲ ಅದರಲ್ಲಿತ್ತು. ಮೇಲ್ಮನವಿಯ ಫಾರ್ಮ್ ತುಂಬಿದೆವು. ಎರಡೇ ನಿಮಿಷದಲ್ಲಿ ಉತ್ತರ ಬಂತು, ಅದೂ ಯಂತ್ರದ್ದೇ.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟು ಇಳಿದ ಮೇಲೆ ಉಳಿದದ್ದು ಒಂದು ಪ್ರಶ್ನೆ. ನಮ್ಮ ಜನ, ನಮ್ಮ ಮಾತು, ನಮ್ಮ ಹಾಡು, ಇಷ್ಟೆಲ್ಲ ನಮ್ಮದೇ ಆಗಿದ್ದರೂ ನಮ್ಮ ವಿಳಾಸ ಮಾತ್ರ ಯಾಕೆ ಬೇರೆಯವರ ಕೈಯಲ್ಲಿತ್ತು? ಆ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದ್ದು ಫೆಡಿವರ್ಸ್. ಅದು ಹೇಗೆ ನಡೆಯುತ್ತದೆ, ಎಲ್ಲಿ ಒಳ್ಳೆಯದು, ಎಲ್ಲಿ ತೊಡಕು ಎಂದು ನಾನು ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ದೊಡ್ಡ ಜಾಲತಾಣಗಳ ಕಟ್ಟೋಣ ನೋಡಿ. ಎಷ್ಟು ಕೋಟಿ ಜನ ಇದ್ದರೂ ಮನೆ ಒಂದೇ, ಯಜಮಾನನೂ ಒಬ್ಬನೇ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಬಂದ್ ಆದದ್ದು ನಿಮಗೆ ನೆನಪಿರಬಹುದು. ಒಂದು ಕಂಪೆನಿಯ ನೆಟ್‌ವರ್ಕಿನಲ್ಲಿ ಆದ ಒಂದು ತಪ್ಪು ಬದಲಾವಣೆಗೆ ಜಗತ್ತಿನ ಅರ್ಧ ಮಾತುಕತೆ ನಿಂತುಹೋಯಿತು. ಯಜಮಾನ ಬದಲಾದರೆ ನಿಯಮವೂ ಬದಲಾಗುತ್ತದೆ. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಮರು ವರ್ಷ ಜುಲೈಯಲ್ಲಿ ಅದರ ಹೆಸರೇ ಎಕ್ಸ್ ಎಂದಾಯಿತು. ಯಜಮಾನನಿಗೆ ಬೇಡವೆಂದಾದರೆ ಅಂಗಡಿ ಮುಚ್ಚುತ್ತದೆ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿದ್ದವರ ಒಪ್ಪಿಗೆ ಯಾರೂ ಕೇಳಲಿಲ್ಲ.

ಇದಕ್ಕೆ ಬೇರೆ ದಾರಿ ಉಂಟಾ? ಉಂಟು. ನಿಮ್ಮ ಕಿಸೆಯಲ್ಲೇ ಅದರ ಮಾದರಿ ಇದೆ. ತಲಪಾಡಿ ಗಡಿಯ ಈಚೆ ಆಚೆ ಓಡಾಡುವ ನಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿ ಎರಡು ಸಿಮ್ ಇರುತ್ತದೆ. ಒಂದು ಕರ್ನಾಟಕದ್ದು, ಒಂದು ಕೇರಳದ್ದು. ಕಂಪೆನಿಯೂ ಬೇರೆ ಬೇರೆ. ಆದರೂ ಯಾವ ಸಿಮ್ಮಿನಿಂದ ಯಾವ ಸಿಮ್ಮಿಗೂ ಕರೆ ಹೋಗುತ್ತದೆ. "ನೀನು ನನ್ನ ಕಂಪೆನಿಗೆ ಸೇರಿದರೆ ಮಾತ್ರ ಮಾತಾಡುತ್ತೇನೆ" ಎಂದು ಯಾರೂ ಹೇಳುವುದಿಲ್ಲ. ಈಮೇಲೂ ಹಾಗೆಯೇ. ಆದರೆ ಫೇಸ್‌ಬುಕ್ಕಿನಲ್ಲಿ ಕೂತು ಎಕ್ಸ್‌ನಲ್ಲಿರುವವರನ್ನು ಫಾಲೋ ಮಾಡಲು ಆಗುತ್ತದಾ? ಇಲ್ಲ ಅಲ್ವಾ. ಅದು ತಂತ್ರಜ್ಞಾನದ ಮಿತಿಯಲ್ಲ. ಗೋಡೆ ಕಟ್ಟಿದ್ದು ಬೇಕೆಂದೇ.

ಆ ಗೋಡೆ ಇಲ್ಲದ ಜಾಲತಾಣಗಳ ಒಟ್ಟು ಹೆಸರು ಫೆಡಿವರ್ಸ್. ಅದರಲ್ಲಿ ಜಾಸ್ತಿ ಜನರಿಗೆ ಗೊತ್ತಿರುವುದು ಮಾಸ್ಟೊಡಾನ್. ಜರ್ಮನಿಯ ಯೂಗೆನ್ ರೋಚ್ಕೋ ಅದನ್ನು 2016ರಲ್ಲಿ ಶುರು ಮಾಡಿದರು. ಮಾಸ್ಟೊಡಾನ್ ಒಂದು ಜಾಗದ ಹೆಸರಲ್ಲ. ಅದು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ, ಅಂದರೆ ಸದಾ ಇಂಟರ್ನೆಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್. ಒಂದು ವಿಶ್ವವಿದ್ಯಾಲಯ ಹಾಕಿಕೊಳ್ಳಬಹುದು, ಒಂದು ಪತ್ರಿಕೆ ಹಾಕಿಕೊಳ್ಳಬಹುದು, ಒಂದು ಯಕ್ಷಗಾನ ಸಂಘವೂ ಹಾಕಿಕೊಳ್ಳಬಹುದು. ಈ ಸಾವಿರಾರು ಸರ್ವರುಗಳು ತಮ್ಮೊಳಗೆ ಮಾತಾಡಿಕೊಳ್ಳುವ ಭಾಷೆಗೆ ಆಕ್ಟಿವಿಟಿಪಬ್ ಎಂದು ಹೆಸರು. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು.

ಇಂಥ ಒಪ್ಪಿತ ಭಾಷೆಗೆ ಪ್ರೋಟೋಕಾಲ್ ಎನ್ನುತ್ತಾರೆ. ಆ ಪದ ಕೇಳಿದ ಕೂಡಲೇ ಜನ ಹಿಂಜರಿಯುತ್ತಾರೆ. ನಾನು ನಮ್ಮ ಸಂಘದ ಮಾಷ್ಟ್ರಿಗೆ ಅದನ್ನು ವಿವರಿಸಲು ಮೂರು ಸಲ ಪ್ರಯತ್ನಿಸಿ ಸೋತಿದ್ದೆ. ನಾಲ್ಕನೆಯ ಸಲ ಅವರೇ ಹೇಳಿದರು: "ಹಾಗಾದ್ರೆ ಇದು ತಾಳಮದ್ದಳೆಯ ಹಾಗೆ ಅಲ್ವಾ ಮಾರಾಯ?"

ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಯೋಚಿಸಿ ನೋಡಿ. ನೀರ್ಚಾಲಿನಿಂದ ಒಬ್ಬರು ಅರ್ಥಧಾರಿ ಬರುತ್ತಾರೆ, ಪುತ್ತೂರಿನಿಂದ ಒಬ್ಬರು, ಮಂಜೇಶ್ವರದಿಂದ ಇನ್ನೊಬ್ಬರು. ಸಂಘ ಬೇರೆ ಬೇರೆ. ರಿಹರ್ಸಲ್ ಎಂಬುದಿಲ್ಲ. ಕೆಲವೊಮ್ಮೆ ಒಬ್ಬರಿಗೊಬ್ಬರು ಮುಖಪರಿಚಯವೂ ಇರುವುದಿಲ್ಲ. ಆದರೂ ಭಾಗವತರು ಪದ್ಯ ಹೇಳಿದ ಕೂಡಲೇ ಮಾತು ಹೊರಡುತ್ತದೆ, ಎದುರಿನವರ ಉತ್ತರವೂ ಬರುತ್ತದೆ. ಯಾಕೆಂದರೆ ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ. ಯಾವ ಪದ್ಯದ ನಂತರ ಯಾವುದು, ಯಾರ ಮಾತಿಗೆ ಯಾರು ಉತ್ತರ ಕೊಡಬೇಕು ಎಂಬ ಕ್ರಮ ಒಂದೇ. ಒಳಗಿನ ಅರ್ಥ ಅವರವರದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕ್ಟಿವಿಟಿಪಬ್ ಎಂದರೆ ಆ ಪದ್ಯ. ಸರ್ವರುಗಳು ಸಂಘಗಳು. ಪೋಸ್ಟುಗಳು ಅರ್ಥ.

ಈಗ ಒಂದು ಪೋಸ್ಟಿನ ಬೆನ್ನು ಹಿಡಿದು ಹೋಗೋಣ. ನಾನು ಬೆಳಗ್ಗೆ ಅಂಗಳದಲ್ಲಿ ಹರಡಿದ ಅಡಿಕೆಯ ಫೋಟೋ ತೆಗೆದು ಹಾಕಿದೆ ಎಂದುಕೊಳ್ಳಿ. ಅದು ಮೊದಲು ನಾನು ಸೇರಿರುವ ಸರ್ವರಿಗೆ ಹೋಗುತ್ತದೆ. ಅಲ್ಲಿ ನನ್ನ ಹೆಸರಿನಲ್ಲಿ ಎರಡು ಡಬ್ಬಿ ಇವೆ. ನಾನು ಕಳಿಸುವುದಕ್ಕೆ ಔಟ್‌ಬಾಕ್ಸ್, ನನಗೆ ಬರುವುದಕ್ಕೆ ಇನ್‌ಬಾಕ್ಸ್. ಸರ್ವರ್ ನನ್ನ ಫಾಲೋವರುಗಳ ಪಟ್ಟಿ ತೆಗೆದು ನೋಡುತ್ತದೆ. ಪುಣೆಯ ಒಂದು ಸರ್ವರಿನಲ್ಲಿ ನನ್ನ ಫಾಲೋವರುಗಳು ಐದು ಜನ, ಬೆಂಗಳೂರಿನದರಲ್ಲಿ ಹನ್ನೆರಡು ಎಂದಿಟ್ಟುಕೊಳ್ಳಿ. ಪುಣೆಗೆ ಒಂದು ಪ್ರತಿ, ಬೆಂಗಳೂರಿಗೆ ಒಂದು ಪ್ರತಿ ಕಳಿಸಿದರೆ ಸಾಕು. ಅಲ್ಲಿಂದ ಹಂಚುವುದು ಅಲ್ಲಿನ ಸರ್ವರಿನ ಕೆಲಸ. ಪ್ರತಿಯ ಜೊತೆ ಒಂದು ಡಿಜಿಟಲ್ ಸಹಿ ಇರುತ್ತದೆ, ಹಾಗಾಗಿ ನನ್ನ ಹೆಸರಿನಲ್ಲಿ ಬೇರೆ ಯಾರೋ ಕಳಿಸಿದರೆ ಗೊತ್ತಾಗುತ್ತದೆ. ಪುಣೆಯ ಸರ್ವರ್ ಆಗ ಕೆಟ್ಟು ಕೂತಿದ್ದರೆ ನನ್ನ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ ನೋಡುತ್ತದೆ. ಅಂಚೆಯಣ್ಣ ಬೀಗ ಹಾಕಿದ ಮನೆಗೆ ಮರುದಿನ ಮತ್ತೆ ಬಂದ ಹಾಗೆ.

ವಿಳಾಸದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಮಾಸ್ಟೊಡಾನಿನಲ್ಲಿ ವಿಳಾಸಕ್ಕೆ ಎರಡು ಭಾಗ. ಮೊದಲು ನಿಮ್ಮ ಹೆಸರು, ನಂತರ ನಿಮ್ಮ ಸರ್ವರಿನ ಹೆಸರು, ನಡುವೆ ಈಮೇಲಿನಲ್ಲಿ ಇರುವ ಅದೇ ಎಟ್ ಚಿಹ್ನೆ. ಹೊಸಬರಿಗೆ ಗೊಂದಲವಾಗುವುದು ಇಲ್ಲೇ. ಆದರೆ ನಮ್ಮ ಕಡೆ ಇದು ಹೊಸದಾ? ಗೋವಿಂದ ಪೈ ಎಂದರೆ ಎಷ್ಟೋ ಜನ ಇರಬಹುದು. ಮಂಜೇಶ್ವರ ಗೋವಿಂದ ಪೈ ಎಂದರೆ ಒಬ್ಬರೇ. ಕಿಞ್ಞಣ್ಣ ರೈಗಳ ಹೆಸರಿನ ಹಿಂದೆ ಕಯ್ಯಾರ ಇದ್ದೇ ಇರುತ್ತದೆ. ಊರಿನ ಹೆಸರು, ಮನೆಯ ಹೆಸರು ಸೇರಿಸಿ ಮನುಷ್ಯನನ್ನು ಗುರುತಿಸುವುದು ನಮಗೆ ರೂಢಿ. ಹಾಗಾಗಿ ಒಂದೇ ಹೆಸರು ಎರಡು ಸರ್ವರಿನಲ್ಲಿ ಇದ್ದರೂ ಜಗಳವಿಲ್ಲ.

ಒಳಗೆ ಹೋದ ಮೇಲೆ ಮೂರು ಹರಿವು ಕಾಣುತ್ತವೆ. ಒಂದರಲ್ಲಿ ನೀವು ಫಾಲೋ ಮಾಡಿದವರ ಮಾತು. ಇನ್ನೊಂದರಲ್ಲಿ ನಿಮ್ಮ ಸರ್ವರಿನಲ್ಲಿ ಇರುವವರೆಲ್ಲರ ಮಾತು. ಮೂರನೆಯದರಲ್ಲಿ ನಿಮ್ಮ ಸರ್ವರಿಗೆ ಗೊತ್ತಿರುವ ಹೊರಗಿನ ಸರ್ವರುಗಳ ಮಾತೂ ಸೇರಿರುತ್ತದೆ. ಮೂರರಲ್ಲೂ ಹೊಸದು ಮೇಲೆ, ಹಳೆಯದು ಕೆಳಗೆ. ಯಾವುದನ್ನು ಮೇಲೆತ್ತಬೇಕು, ಯಾವುದನ್ನು ಒತ್ತಿಹಾಕಬೇಕು ಎಂದು ನಡುವೆ ಕೂತು ತೀರ್ಮಾನಿಸುವ ಅಲ್ಗಾರಿದಂ ಇಲ್ಲ, ಜಾಹೀರಾತೂ ಇಲ್ಲ. ಫೇಸ್‌ಬುಕ್ 2018ರ ಜನವರಿಯಲ್ಲಿ ಪುಟಗಳ ಪೋಸ್ಟಿಗಿಂತ ಗೆಳೆಯರ, ಮನೆಯವರ ಪೋಸ್ಟಿಗೆ ಹೆಚ್ಚು ಜಾಗ ಕೊಡುವುದಾಗಿ ಪ್ರಕಟಿಸಿತ್ತು. ಅಂಥ ಒಂದು ನಿರ್ಧಾರದಿಂದ ಜಗತ್ತಿನ ಪುಟಗಳ ವ್ಯಾಪ್ತಿಯೇ ಬದಲಾಗುತ್ತದೆ. ಇಲ್ಲಿ ಹಾಗೆ ಒಂದು ಕಡೆ ಕೂತು ಎಲ್ಲರ ಹರಿವು ತಿರುಗಿಸಲು ಆಗುವುದಿಲ್ಲ.

ಮೊದಲ ವಾರ ಇದು ಸಪ್ಪೆ ಅನಿಸುತ್ತದೆ. ತೆರೆದರೆ ಖಾಲಿ ಖಾಲಿ. ನೀವು ಯಾರನ್ನಾದರೂ ಹುಡುಕಿ ಫಾಲೋ ಮಾಡದಿದ್ದರೆ ಮೊದಲನೆಯ ಹರಿವಿನಲ್ಲಿ ಏನೂ ಬರುವುದಿಲ್ಲ. ಹ್ಯಾಶ್‌ಟ್ಯಾಗ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಮನುಷ್ಯರನ್ನು ಫಾಲೋ ಮಾಡಿದ ಹಾಗೆ ಹ್ಯಾಶ್‌ಟ್ಯಾಗನ್ನೂ ಫಾಲೋ ಮಾಡಬಹುದು. ಪ್ರತಿ ಪೋಸ್ಟಿಗೂ ಭಾಷೆ ಗುರುತಿಸುವ ಒಂದು ಆಯ್ಕೆ ಇದೆ. ಅಲ್ಲಿ ಕನ್ನಡ ಎಂದು ಹಾಕಿ. ಕನ್ನಡದ ಪೋಸ್ಟು ಮಾತ್ರ ಬೇಕು ಎನ್ನುವವರಿಗೆ ನೀವು ಸಿಗುವುದು ಆಗಲೇ. ಸಣ್ಣ ಸಂಗತಿ, ಆದರೆ ನಮ್ಮವರು ಜಾಸ್ತಿ ಮರೆಯುವುದು ಇದನ್ನೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಕೆಟ್ಟ ಮಾತನ್ನು ತಡೆಯುವವರು ಯಾರು?

ಕಾಸರಗೋಡನ್ನು ಸಪ್ತಭಾಷಾ ಸಂಗಮ ಎನ್ನುತ್ತೇವೆ. ಒಂದೇ ಮಾತಿನಲ್ಲಿ ಕನ್ನಡ, ತುಳು, ಮಲೆಯಾಳ ಮೂರೂ ಸೇರಿಬಿಡುತ್ತವೆ. ತುಳುವಿನಲ್ಲೂ ಹವ್ಯಕ ಕನ್ನಡದಲ್ಲೂ ಪುಳ್ಳಿ ಎಂದರೆ ಮೊಮ್ಮಗು. ಮಲೆಯಾಳದಲ್ಲಿ ಅದೇ ಪುಳ್ಳಿ ಎಂದರೆ ಚುಕ್ಕೆ, ಇಲ್ಲವೇ ಆ ಮನುಷ್ಯ. ನಾವು ತುಳು ಬರೆಯುವುದೂ ಕನ್ನಡ ಲಿಪಿಯಲ್ಲೇ. ಲಿಪಿ ನೋಡಿ ಭಾಷೆ ಗುರುತಿಸುವ ಯಂತ್ರಕ್ಕೆ ಎರಡೂ ಕನ್ನಡವೇ. ಹೀಗಿರುವಾಗ ಎಲ್ಲೋ ದೂರದಲ್ಲಿರುವ ಕಂಪೆನಿಯ ಯಂತ್ರ ನಮ್ಮ ತಮಾಷೆಯನ್ನು ಬೈಗುಳ ಎಂದುಕೊಳ್ಳುತ್ತದೆ. ನಿಜವಾದ ಬೈಗುಳ ಅದಕ್ಕೆ ತಿಳಿಯುವುದೇ ಇಲ್ಲ. ಹೆಣ್ಣುಮಕ್ಕಳಿಗೆ ತುಳುವಿನಲ್ಲಿ ಕೊಳಕು ಮಾತು ಬರೆದದ್ದನ್ನು ರಿಪೋರ್ಟ್ ಮಾಡಿದರೆ ನಿಯಮ ಮೀರಿಲ್ಲ ಎಂಬ ಉತ್ತರ ಬಂದದ್ದನ್ನು ನಾನೇ ನೋಡಿದ್ದೇನೆ.

ಫೆಡಿವರ್ಸಿನಲ್ಲಿ ಪ್ರತಿ ಸರ್ವರಿಗೂ ತನ್ನದೇ ನಿಯಮ, ತನ್ನದೇ ಮೇಲ್ವಿಚಾರಕರು. ನಮ್ಮ ಊರಿನ ಸರ್ವರಾದರೆ ನಮ್ಮ ಮೂರು ಭಾಷೆ ತಿಳಿದವರೇ ಆ ಕೆಲಸ ಮಾಡಬಹುದು. ಹೊರಗಿನ ಒಂದು ಸರ್ವರಿನಿಂದ ಬರೀ ದ್ವೇಷವೇ ಬರುತ್ತಿದೆ ಎಂದಾದರೆ ಆ ಸರ್ವರನ್ನೇ ಇಡಿಯಾಗಿ ದೂರ ಇಡಬಹುದು. ಆಗ ಅಲ್ಲಿಯ ಮಾತು ಇಲ್ಲಿಗೆ ಬರುವುದಿಲ್ಲ. ಇದರಲ್ಲಿ ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಇಬ್ಬರು ನಿರ್ವಾಹಕರು ಜಗಳ ಮಾಡಿಕೊಂಡು ಸರ್ವರು ಸರ್ವರಿನ ನಡುವಿನ ಸಂಬಂಧ ಕಡಿದರೆ ಏನೂ ತಪ್ಪು ಮಾಡದ ಜನರ ಮಾತು ನಿಂತುಹೋಗುತ್ತದೆ. ಸಂಘ ಒಡೆದು ಎರಡಾದದ್ದನ್ನು ನಾವೆಲ್ಲ ನೋಡಿದವರೇ. ಆದರೂ ಮಾತಿಗೆ ಸಿಗುವ ಮನುಷ್ಯ ಒಬ್ಬ ಅಲ್ಲಿದ್ದಾನೆ ಎಂಬುದು ನನಗೆ ದೊಡ್ಡದು. ಅವನ ತೀರ್ಮಾನ ಹಿಡಿಸದಿದ್ದರೆ ಬೇರೆ ಸರ್ವರಿಗೆ ಹೋಗಬಹುದು.

ಹೋಗುವುದು ಹೇಗೆ? ಹೊಸ ಸರ್ವರಿನಲ್ಲಿ ಖಾತೆ ತೆರೆದು, ಇದು ನನ್ನ ಹಳೆಯ ಖಾತೆ ಎಂದು ಅಲ್ಲಿ ನಮೂದಿಸಬೇಕು. ಆಮೇಲೆ ಹಳೆಯ ಖಾತೆಯಲ್ಲಿ ಸ್ಥಳಾಂತರದ ಆಯ್ಕೆ ಒತ್ತಬೇಕು. ನಿಮ್ಮ ಫಾಲೋವರುಗಳು ತಾವಾಗಿ ಹೊಸ ವಿಳಾಸಕ್ಕೆ ಬರುತ್ತಾರೆ. ನೀವು ಫಾಲೋ ಮಾಡುವವರ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿ ಹೊಸ ಕಡೆ ಏರಿಸಬಹುದು. ಹಳೆಯ ಪೋಸ್ಟುಗಳು ಮಾತ್ರ ಜೊತೆಗೆ ಬರುವುದಿಲ್ಲ, ಹಳೆಯ ಜಾಗದಲ್ಲೇ ಉಳಿಯುತ್ತವೆ. ನನ್ನ ಲೆಕ್ಕದಲ್ಲಿ ಇದು ದೊಡ್ಡ ಕೊರತೆ. ಪೋಸ್ಟುಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇಕಾದರೂ ಇಳಿಸಿಕೊಳ್ಳಬಹುದು. ಆ ಅಭ್ಯಾಸ ಮಾಡಿಕೊಳ್ಳಿ. ಯಾಕೆಂದರೆ ಸರ್ವರ್ ದಿಢೀರ್ ಎಂದು ಮುಚ್ಚಿದರೆ ಈ ಸ್ಥಳಾಂತರಕ್ಕೂ ಸಮಯ ಸಿಗುವುದಿಲ್ಲ.

ಇನ್ನೂ ಎರಡು ಎಚ್ಚರಿಕೆ ಹೇಳಲೇಬೇಕು. ಮಾಸ್ಟೊಡಾನಿನ ಖಾಸಗಿ ಸಂದೇಶ ವಾಟ್ಸಾಪಿನ ಹಾಗೆ ಬೀಗ ಹಾಕಿ ಹೋಗುವುದಿಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಗುಟ್ಟಿನ ಮಾತಿಗೆ ಮ್ಯಾಟ್ರಿಕ್ಸ್ ಇದೆ, ಅದೂ ಹಲವು ಸರ್ವರುಗಳ ವ್ಯವಸ್ಥೆಯೇ, ಬೀಗವೂ ಇದೆ. ಎರಡನೆಯದು ಅಳಿಸುವ ವಿಷಯ. ನೀವು ಪೋಸ್ಟ್ ಅಳಿಸಿದರೆ ಅಳಿಸಿ ಎಂಬ ಸುದ್ದಿ ಎಲ್ಲ ಸರ್ವರಿಗೂ ಹೋಗುತ್ತದೆ. ಅದನ್ನು ಪಾಲಿಸುವುದು ಬಿಡುವುದು ಆ ಸರ್ವರಿಗೆ ಬಿಟ್ಟದ್ದು.

ಫೆಡಿವರ್ಸ್ ಎಂದರೆ ಮಾಸ್ಟೊಡಾನ್ ಒಂದೇ ಅಲ್ಲ. ಫೋಟೋಗೆ ಪಿಕ್ಸೆಲ್‌ಫೆಡ್, ಚರ್ಚೆಗೆ ಲೆಮ್ಮಿ, ವಿಡಿಯೋಗೆ ಪೀರ್‌ಟ್ಯೂಬ್ ಇದೆ. ಪೀರ್‌ಟ್ಯೂಬನ್ನು ಕಟ್ಟುತ್ತಿರುವುದು ಫ್ರಾನ್ಸಿನ ಫ್ರಮಾಸಾಫ್ಟ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದರಲ್ಲಿ ಒಂದೇ ವಿಡಿಯೋವನ್ನು ಹಲವರು ಒಟ್ಟಿಗೆ ನೋಡುವಾಗ ನೋಡುಗರೇ ಒಬ್ಬರಿಗೊಬ್ಬರು ತುಣುಕು ಹಂಚಿಕೊಳ್ಳುವ ಏರ್ಪಾಡು ಇದೆ. ಸರ್ವರಿನ ಹೊರೆ ಇಳಿಯುತ್ತದೆ. ಇವೆಲ್ಲ ಆಡುವುದು ಆಕ್ಟಿವಿಟಿಪಬ್ ಭಾಷೆಯನ್ನೇ. ಹಾಗಾಗಿ ಪೀರ್‌ಟ್ಯೂಬಿನ ವಿಡಿಯೋಗೆ ಮಾಸ್ಟೊಡಾನಿನಲ್ಲಿ ಕೂತೇ ಕಮೆಂಟ್ ಬರೆಯಬಹುದು. ಬ್ಲೂಸ್ಕೈ ಇದಕ್ಕೆ ಸೇರಿದ್ದಲ್ಲ. ಅದರ ಪ್ರೋಟೋಕಾಲ್ ಬೇರೆ. 2024ರ ಫೆಬ್ರವರಿಯಲ್ಲಿ ಅದು ಎಲ್ಲರಿಗೂ ತೆರೆಯಿತು. ಬಳಸಲು ಸುಲಭ, ನಿಜ. ಆದರೆ ಬಹುಪಾಲು ಜನರ ಖಾತೆ ಇರುವುದು ಒಂದೇ ಕಂಪೆನಿಯ ಸರ್ವರುಗಳಲ್ಲಿ. ಮೆಟಾ ಕಂಪೆನಿಯ ಥ್ರೆಡ್ಸ್ ಕೂಡ ಆಕ್ಟಿವಿಟಿಪಬ್ ಕಡೆಗೆ ಒಂದು ಬಾಗಿಲು ತೆರೆದಿದೆ. ಆ ಬಾಗಿಲಿಗೆ ಚಿಲಕ ಹಾಕಿದ ಸರ್ವರುಗಳೂ ಇವೆ.

ಭಾರತಕ್ಕೆ ಈ ಅಲೆ ಹೊಸದಲ್ಲ. 2019ರ ಅಕ್ಟೋಬರಿನ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾಯಿತು, ನವೆಂಬರಿನಲ್ಲಿ ನಮ್ಮ ದೇಶದ ತುಂಬಾ ಜನ ಮಾಸ್ಟೊಡಾನಿಗೆ ಹೋದರು. ಟ್ವಿಟರ್ ಕೈ ಬದಲಾದ ಮೇಲೆ, 2022ರ ನವೆಂಬರಿನ ಮೊದಲ ವಾರಗಳಲ್ಲೇ ಮಾಸ್ಟೊಡಾನಿನ ತಿಂಗಳ ಸಕ್ರಿಯ ಬಳಕೆದಾರರು 10 ಲಕ್ಷ ದಾಟಿದರು. ಎರಡೂ ಸಲ ಬಂದವರಲ್ಲಿ ಎಷ್ಟೋ ಜನ ವಾಪಸು ಹೋದರು. ಯಾಕೆ? ಒಬ್ಬೊಬ್ಬರೇ ಹೋದದ್ದಕ್ಕೆ. ತನ್ನವರು ಯಾರೂ ಇಲ್ಲದ ಕಡೆ ಮನುಷ್ಯ ಎಷ್ಟು ದಿನ ಕೂತಾನು?

ಆದ್ದರಿಂದ ನಾವು ಆರು ಜನ ಒಟ್ಟಿಗೆ ಹೋದೆವು. ಮೊದಲು ಮಾಡಿದ್ದು ಗಂಟು ಕಟ್ಟುವ ಕೆಲಸ. ಬೇರೆ ಬೇರೆ ಕಡೆ ಉಳಿದಿದ್ದ ನಮ್ಮ ಫೋಟೋ, ರೆಕಾರ್ಡಿಂಗುಗಳನ್ನು ಇಳಿಸಿ ಎರಡು ಹಾರ್ಡ್ ಡಿಸ್ಕಿಗೆ ತುಂಬಿದೆವು. ಒಂದು ಮಾಷ್ಟ್ರ ಮನೆಯಲ್ಲಿ, ಒಂದು ನಮ್ಮಲ್ಲಿ. ಹೋದದ್ದರಲ್ಲಿ ಅರ್ಧದಷ್ಟು ಊರಿನವರ ಹಳೆಯ ಫೋನುಗಳಲ್ಲಿ ಸಿಕ್ಕಿತು. ನಮ್ಮದೇ ಸರ್ವರ್ ಎಂದು ಹಾರಲಿಲ್ಲ. ಮೊದಲು ಇದ್ದ ಒಂದು ಸರ್ವರಿಗೆ ಸೇರಿ ಆರು ತಿಂಗಳು ಕಲಿತೆವು. ಮನೆಯವರ ಗ್ರೂಪು, ಮರಣದ ಸುದ್ದಿ, ಹಾಲಿನ ಸೊಸೈಟಿಯ ಸುದ್ದಿ, ಇವೆಲ್ಲ ವಾಟ್ಸಾಪಿನಲ್ಲೇ ಇವೆ. ಅದನ್ನು ಬಿಡಿಸಲು ಹೊರಟರೆ ಯಾರೂ ನಮ್ಮ ಜೊತೆ ಬರುವುದಿಲ್ಲ. ಸಂಘದ ಮಾತು, ಹಾಡು, ನೆನಪು ಇಷ್ಟನ್ನು ಮಾತ್ರ ಈಚೆ ತಂದೆವು.

ಕೆಲಸ ಗೊತ್ತಿದ್ದವರು ಯಾರು ಎಂದು ಕೇಳುತ್ತೀರಾ? ಹೈಸ್ಕೂಲಿನ ಮಕ್ಕಳು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಸ್ವತಂತ್ರ ಸಾಫ್ಟ್‌ವೇರಿನಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಉಬುಂಟು ಹಾಕಿದ ಕಂಪ್ಯೂಟರಿನಲ್ಲೇ ಕಲಿತವರು. ಈ ಸಾಫ್ಟ್‌ವೇರ್ ಯಾರೊಬ್ಬರದೂ ಅಲ್ಲ, ಎಲ್ಲರದೂ ಎಂದರೆ ದೊಡ್ಡವರಿಗೆ ಅನುಮಾನ, ಮಕ್ಕಳಿಗೆ ಅದು ಪಾಠಪುಸ್ತಕದ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಸಂಘದ ಹಿರಿಯರಿಗೆ ಕನ್ನಡ ಕೀಬೋರ್ಡಿನಿಂದ ಹಿಡಿದು ಭಾಷೆಯ ಆಯ್ಕೆಯವರೆಗೆ ಕೂತು ಹೇಳಿಕೊಟ್ಟಳು.

ಈ ವರ್ಷ ನಮ್ಮದೇ ಸಣ್ಣ ಸರ್ವರ್ ಹಾಕುವ ಮಾತು ಬಂತು. ದುಡ್ಡಿಗಿಂತ ದೊಡ್ಡ ಚಿಂತೆ ಮುಂದೆ ನೋಡಿಕೊಳ್ಳುವವರದು. ಚಿತ್ರ, ವಿಡಿಯೋ ತುಂಬುತ್ತಾ ಹೋದ ಹಾಗೆ ಜಾಗ ಜಾಸ್ತಿ ಬೇಕಾಗುತ್ತದೆ. ಸರ್ವರ್ ನಡೆಸುವವರಿಗೆ 2021ರ ಐಟಿ ನಿಯಮಗಳ ಪ್ರಕಾರ ದೂರು ಸ್ವೀಕರಿಸುವ ಜವಾಬ್ದಾರಿಯೂ ಬರುತ್ತದೆ. ಮಾಸ್ಟೊಡಾನ್ ಯೋಜನೆ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರುಗಳಿಂದ ಒಂದು ಒಪ್ಪಂದ ಕೇಳುತ್ತದೆ. ದಿನವೂ ಬ್ಯಾಕಪ್ ತೆಗೆಯಬೇಕು. ದ್ವೇಷದ ಮಾತನ್ನು ತಡೆಯಬೇಕು. ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಕೀಲಿ ಇರಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು. ನಾವು ಆ ಪಟ್ಟಿಗೆ ಸೇರುತ್ತೇವೋ ಇಲ್ಲವೋ, ನಿಯಮ ಮಾತ್ರ ಹಿಡಿಸಿತು.

ಕಳೆದ ತಿಂಗಳ ಸಭೆಯಲ್ಲಿ ಮಾಷ್ಟ್ರು ಅದನ್ನು ಕನ್ನಡಕ್ಕೆ ಇಳಿಸಿ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದರು. ಸರ್ವರಿನ ವಿಳಾಸವಾದ ಡೊಮೈನ್ ಹೆಸರು ನವೀಕರಿಸುವ ತಾರೀಕು ಖಜಾಂಚಿಯ ಕ್ಯಾಲೆಂಡರಿಗೆ ಹೋಯಿತು. ಪಾಸ್‌ವರ್ಡನ್ನು ಎರಡು ಲಕೋಟೆಯಲ್ಲಿ ಹಾಕಿ ಅಂಟಿಸಿದೆವು. ಒಂದು ಅಧ್ಯಕ್ಷರ ಮನೆಯ ಕಪಾಟಿಗೆ, ಇನ್ನೊಂದು ಆ ಹುಡುಗಿಯ ಮನೆಗೆ. ಕೆಳಗೆ ಹನ್ನೊಂದು ಸಹಿ ಬಿತ್ತು.